ಅಮೆರಿಕದ ಹಳೆಯ ಪೇಟೆಬೀದಿಯ ಅಂಗಡಿ ಕಿಟಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕಾಗೊ, ನ್ಯೂಯಾರ್ಕ್, ಡೆಟ್ರಾಯಿಟ್ ನಗರಗಳ ನಡುಪೇಟೆಯಲ್ಲಿ 1930ರ ದಶಕದಿಂದ 1960ರ ದಶಕದವರೆಗೆ ಮೆರೆದ ದೊಡ್ಡ ಅಂಗಡಿಗಳ ಗಾಜಿನ ಕಿಟಕಿಗಳು ನನಗೆ ಬಹಳ ಹತ್ತಿರದ ವಿಷಯ. ಅವುಗಳ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ತೋರಿಸಿದಾಗಲೆಲ್ಲ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನೆಂಟರು, ವಿನ್ಯಾಸ ಓದುತ್ತಿರುವ ಮಕ್ಕಳು, ಅಮೆರಿಕದಲ್ಲಿ ನೆಲೆಸಿರುವ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಅಂಗಡಿಯ ಕಿಟಕಿಯಲ್ಲಿ ಸರಕು ಇಡುವುದು ಎಲ್ಲ ಕಡೆಯೂ ಇದೆ. ಇದರಲ್ಲಿ ಅಂಥ ವಿಶೇಷವೇನು?

ಪ್ರಮಾಣ ಮತ್ತು ಶ್ರದ್ಧೆ, ಎರಡೂ. ಶಿಕಾಗೊದ ಮಾರ್ಷಲ್ ಫೀಲ್ಡ್ಸ್ ಅಂಗಡಿಯನ್ನೇ ನೋಡಿ. ಸ್ಟೇಟ್, ವಾಷಿಂಗ್ಟನ್, ವಾಬಾಶ್, ರ‍್ಯಾಂಡಾಲ್ಫ್ ಎಂಬ ನಾಲ್ಕು ಬೀದಿಗಳ ನಡುವಿನ ಇಡೀ ಜಾಗ ಆ ಒಂದು ಅಂಗಡಿಯದು. ಅದನ್ನು ಸುತ್ತು ಹಾಕುವವನು ಕಿಟಕಿಯ ನಂತರ ಕಿಟಕಿ ನೋಡುತ್ತಲೇ ಇರಬೇಕಾಗುತ್ತಿತ್ತು. ಒಂದರಲ್ಲಿ ಸಂಜೆಯ ಔತಣಕ್ಕೆ ಹೊರಟ ಹೆಂಗಸರು, ಇನ್ನೊಂದರಲ್ಲಿ ಕಡಲ ತೀರ, ಮತ್ತೊಂದರಲ್ಲಿ ಊಟದ ಮೇಜು. ಕಿಟಕಿಗಳ ಜವಾಬ್ದಾರಿಗೇ ಅಲ್ಲೊಂದು ವಿಭಾಗವಿತ್ತು. ಬಡಗಿಗಳು, ಬಣ್ಣ ಬಳಿಯುವವರು, ಅಕ್ಷರ ಬರೆಯುವವರು ಅದರಲ್ಲಿ ಸಂಬಳಕ್ಕಿದ್ದರು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಿಟಕಿ ನೋಡಲು ಯಾರೂ ಕಾಸು ಕೊಡಬೇಕಿರಲಿಲ್ಲ. ಟ್ರಾಮಿಗೆ ಕಾಯುತ್ತಿದ್ದ ಗುಮಾಸ್ತ, ಪಾಳಿ ಮುಗಿಸಿ ಮನೆಗೆ ಹೊರಟ ಹೊಲಿಗೆ ಕಾರ್ಖಾನೆಯ ಹುಡುಗಿ, ಅಮ್ಮನ ಕೈ ಹಿಡಿದ ಮಗು, ಎಲ್ಲರಿಗೂ ಅದು ಸಿಗುತ್ತಿತ್ತು. ಕೊಳ್ಳುವ ಶಕ್ತಿ ಇಲ್ಲದವರಿಗೂ ಪೇಟೆ ಇಷ್ಟು ಚೆಂದದ್ದನ್ನು ಪುಕ್ಕಟೆಯಾಗಿ ಕೊಟ್ಟ ಕಾಲ ಕಡಿಮೆ.

ಇದನ್ನು ಶುರು ಮಾಡಿದವರು ಯಾರು?

ಒಬ್ಬರ ಹೆಸರು ಹೇಳುವುದು ಸರಿಯಾಗದು. ದೊಡ್ಡ ಗಾಜಿನ ಹಲಗೆ ಅಗ್ಗವಾದ ಮೇಲೆ, ವಿದ್ಯುತ್ ದೀಪ ಬಂದ ಮೇಲೆ ಇದು ತಾನಾಗಿ ಬೆಳೆಯಿತು. ಆದರೆ ಇದನ್ನು ಒಂದು ಕಸುಬೆಂದು ಮೊದಲು ಬರೆದಿಟ್ಟವರಲ್ಲಿ ಒಬ್ಬರ ಹೆಸರು ಕೇಳಿದರೆ ಅಚ್ಚರಿಯಾದೀತು. ಎಲ್. ಫ್ರಾಂಕ್ ಬಾಮ್. ಆಜ್ ಎಂಬ ಮಾಯಾನಾಡಿನ ಮಕ್ಕಳ ಕತೆ ಬರೆದವರೇ ಇವರು. 1897ರಲ್ಲಿ ಶಿಕಾಗೊದಿಂದ ಕಿಟಕಿ ಅಲಂಕಾರಕ್ಕೆಂದೇ ಒಂದು ಮಾಸಪತ್ರಿಕೆ ಹೊರಡಿಸಿದರು, ಮರುವರ್ಷ ಕಿಟಕಿ ಸಿಂಗರಿಸುವವರ ರಾಷ್ಟ್ರೀಯ ಸಂಘ ಕಟ್ಟಿದರು. 1900ರಲ್ಲಿ ಮಕ್ಕಳ ಕತೆ ಹೊರಬಂದ ವರ್ಷವೇ ಬಟ್ಟೆ ಅಂಗಡಿಯ ಕಿಟಕಿ ಅಲಂಕಾರದ ಕೈಪಿಡಿಯೂ ಹೊರಬಂತು. ಒಂದೇ ಕೈ ಎರಡನ್ನೂ ಬರೆದಿದೆ ಎಂದು ತಿಳಿದ ಮೇಲೆ ಆ ಕತೆಯಲ್ಲಿ ಬರುವ ಪಚ್ಚೆ ನಗರದ ಹೊಳಪು ನನಗೆ ಬೇರೆಯಾಗಿ ಕಾಣತೊಡಗಿತು.

ಕೆಲಸವನ್ನು ನಿಜವಾಗಿ ಎತ್ತರಕ್ಕೆ ಒಯ್ದವರು ಮಾರ್ಷಲ್ ಫೀಲ್ಡ್ಸ್‌ನ ಆರ್ಥರ್ ಫ್ರೇಸರ್. 1895ರಲ್ಲಿ ಸೇರಿದ ಅವರು ಸುಮಾರು ಅರ್ಧ ಶತಮಾನ ಅಲ್ಲೇ ಇದ್ದು 1944ರಲ್ಲಿ ನಿವೃತ್ತರಾದರು. ಅಲ್ಲಿಯವರೆಗೆ ಕಿಟಕಿಯೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಪೇರಿಸಿಡುವ ಉಗ್ರಾಣದಂತಿತ್ತು. ಕರವಸ್ತ್ರಗಳಿಂದ ಸೇತುವೆ, ದಾರದುಂಡೆಗಳಿಂದ ಗೋಪುರ ಕಟ್ಟುವುದೇ ಜಾಣ್ಮೆ ಎನಿಸಿತ್ತು. ಒಂದು ಕಿಟಕಿಗೆ ಒಂದೇ ಮಾತು ಎಂಬುದು ಫ್ರೇಸರ್ ಪಾಠ. ಅಂಗಡಿಯ ಒಡೆಯ ಮಾರ್ಷಲ್ ಫೀಲ್ಡ್ ದೈವಭಕ್ತ. ಭಾನುವಾರ ಕಿಟಕಿಗಳಿಗೆ ಪರದೆ ಎಳೆಯುವುದು ಅಲ್ಲಿಯ ಪದ್ಧತಿಯಾಗಿತ್ತು.

ಒಂದು ಕಿಟಕಿ ತಯಾರಾಗುತ್ತಿದ್ದುದು ಹೇಗೆ?

ಈ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಇಷ್ಟ.

ಕೆಲಸ ಹೆಚ್ಚಾಗಿ ಅಂಗಡಿ ಮುಚ್ಚಿದ ಮೇಲೆ. ಗಾಜಿಗೆ ಒಳಗಿನಿಂದ ಕಾಗದವೋ ಪರದೆಯೋ ಮುಚ್ಚಿ, ಹಿಂಬದಿಯ ಸಣ್ಣ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ನುಸುಳಬೇಕು. ನೆಲದ ಮೇಲೆ ಗುರುತು ಬೀಳಬಾರದೆಂದು ಶೂ ಬಿಚ್ಚಿ ಬರೀ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ಮಾತನಾಡುವಂತೆಯೂ ಇಲ್ಲ, ಏಕೆಂದರೆ ಬಾಯಿ ತುಂಬ ಸಣ್ಣ ಮೊಳೆಗಳು. ತುಟಿಯ ನಡುವೆ ಒಂದೊಂದೇ ಮೊಳೆಯನ್ನು ಮುಂದಕ್ಕೆ ತಳ್ಳಿ, ಅಯಸ್ಕಾಂತದ ತಲೆಯ ಸುತ್ತಿಗೆಗೆ ಅಂಟಿಸಿಕೊಂಡು ಒಂದೇ ಏಟಿಗೆ ಹೊಡೆಯುವುದು. ಇನ್ನೊಂದು ಕೈ ಬಟ್ಟೆಯ ಮಡಿಕೆಯನ್ನು ಹಿಡಿದಿರುತ್ತದಲ್ಲ, ಅದಕ್ಕಾಗಿ ಈ ಉಪಾಯ.

ಗೊಂಬೆಗೆ ಉಡುಪು ತೊಡಿಸುವುದು ಸುಲಭವಲ್ಲ. ಗೊಂಬೆ ಕೈ ಎತ್ತುವುದಿಲ್ಲ, ಸೊಂಟ ಬಾಗಿಸುವುದಿಲ್ಲ. ತೋಳುಗಳನ್ನು ಬಿಚ್ಚಿ, ಉಡುಪನ್ನು ಮೇಲಿನಿಂದ ಇಳಿಸಿ, ತೋಳನ್ನು ತೋಳಿನ ಬಟ್ಟೆಯೊಳಗಿಂದ ತೂರಿಸಿ ಮತ್ತೆ ಸಿಕ್ಕಿಸಬೇಕು. ಉಡುಪು ಸಡಿಲವಾದರೆ ಬೆನ್ನಿನ ಕಡೆ ಸಾಲಾಗಿ ಗುಂಡುಸೂಜಿ. ಮುಂದಿನಿಂದ ಮೈಗೇ ಅಳೆದು ಹೊಲಿದಂತೆ ಕಾಣುವ ಆ ಗೌನಿನ ಹಿಂದೆ ಇಣುಕಿದರೆ ಮುಳ್ಳುಹಂದಿಯ ಬೆನ್ನು! ತೋಳು ಜೋತು ಬೀಳದಂತೆ ಒಳಗೆ ತೆಳು ಕಾಗದ ತುರುಕುವುದು, ಕಾಲುಚೀಲದ ಹಿಂಬದಿಯ ಹೊಲಿಗೆ ಗೆರೆ ನೇರವಾಗಿದೆಯೇ ಎಂದು ನೆಲಕ್ಕೆ ಬಗ್ಗಿ ನೋಡುವುದು, ಎಲ್ಲವೂ ಆಗಬೇಕು. ಗೊಂಬೆ ನಿಲ್ಲಬೇಕಾದರೆ ಕೆಳಗೊಂದು ಲೋಹದ ತಟ್ಟೆ ಬೇಕು, ಆದರೆ ಅದು ಕಣ್ಣಿಗೆ ಬಿದ್ದರೆ ಮಾಯೆ ಹರಿಯುತ್ತದೆ. ಆದ್ದರಿಂದ ಸೊಂಟದಿಂದ ಎರಡು ತೆಳು ತಂತಿಗಳನ್ನು ಹಿಂದಕ್ಕೆ ಎಳೆದು ನೆಲದ ಮೊಳೆಗೆ ಬಿಗಿಯುತ್ತಿದ್ದರು. ತಟ್ಟೆ ಇಲ್ಲದೆ ಗೊಂಬೆ ತನ್ನ ಕಾಲ ಮೇಲೆ ತಾನೇ ನಿಂತಂತೆ ತೋರುತ್ತಿತ್ತು.

ನಾನೂ ಒಮ್ಮೆ ನೆಂಟರ ಅಂಗಡಿಯಲ್ಲಿ ಗೊಂಬೆಗೆ ರೇಷ್ಮೆ ಸೀರೆ ಉಡಿಸಿದ್ದೇನೆ. ನೆರಿಗೆ ಹಿಡಿದು ಪಿನ್ನು ಚುಚ್ಚಿ ಹೊರಗೆ ಬಂದು ನೋಡುವುದು, ಒಳಗೆ ಹೋಗಿ ಎರಡು ಬೆರಳಿನಷ್ಟು ಸರಿಸುವುದು, ಮತ್ತೆ ಹೊರಗೆ ಬರುವುದು. ಹೀಗೆ ಒಂದು ಸೀರೆಗೆ ಇಡೀ ಬೆಳಗು ಹೋಯಿತು. ಒಂದೇ ರಾತ್ರಿಯಲ್ಲಿ ಸಾಲು ಸಾಲು ಕಿಟಕಿ ಮುಗಿಸುತ್ತಿದ್ದ ಆ ಕೈಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಂದು.

ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿದ್ದ ಲಾರ್ಡ್ ಆ್ಯಂಡ್ ಟೇಲರ್ ಅಂಗಡಿಯಲ್ಲಿ ಇದಕ್ಕೊಂದು ಅದ್ಭುತ ಏರ್ಪಾಟಿತ್ತು. ಅಲ್ಲಿಯ ಕಿಟಕಿಗಳ ನೆಲವೇ ಲಿಫ್ಟು. ಇಡೀ ದೃಶ್ಯ ನೆಲಮಾಳಿಗೆಗೆ ಇಳಿಯುತ್ತಿತ್ತು. ಅಲ್ಲಿ ಆರಾಮವಾಗಿ ಸಿಂಗರಿಸಿ ಮತ್ತೆ ಬೀದಿಯ ಮಟ್ಟಕ್ಕೆ ಏರಿಸುತ್ತಿದ್ದರು.

ಹಗಲಿನಲ್ಲಿ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದಲ್ಲ?

ಆ ಕಾಲದ ದೊಡ್ಡ ತಲೆನೋವೇ ಅದು. ಹೊರಗೆ ಬಿಸಿಲು, ಒಳಗೆ ಮಬ್ಬು ಎಂದಾದರೆ ಗಾಜು ಕನ್ನಡಿಯಾಗುತ್ತದೆ. ಬಿಸಿಲು ತಡೆಯಲು ಮೇಲೆ ಬಟ್ಟೆಯ ಚಪ್ಪರ ಇಳಿಬಿಡುವುದು, ಒಳಗೆ ದೀಪಗಳನ್ನು ಹೆಚ್ಚಿಸುವುದು ಸಾಮಾನ್ಯ ಪರಿಹಾರ. ನಿಜವಾದ ಸೊಗಸು ಮುಸ್ಸಂಜೆಗೆ. ಕಚೇರಿ ಬಿಟ್ಟವರು ಬೀದಿಗಿಳಿಯುವ ಹೊತ್ತಿಗೆ ಕಿಟಕಿಗಳು ರಂಗಮಂಚದಂತೆ ಬೆಳಗುತ್ತಿದ್ದವು. ಅಂಗಡಿಗಳ ವಿನ್ಯಾಸದಿಂದಲೇ ವೃತ್ತಿ ಶುರು ಮಾಡಿದ ವಾಸ್ತುಶಿಲ್ಪಿ ಮಾರಿಸ್ ಲಪಿಡಸ್, ಮನುಷ್ಯ ಪತಂಗದ ಹಾಗೆ ಬೆಳಕಿನತ್ತ ಬರುತ್ತಾನೆ ಎಂಬ ನಂಬಿಕೆಯ ಮೇಲೆಯೇ ಅಂಗಡಿಗಳನ್ನು ರೂಪಿಸಿದರು. ಯುದ್ಧ ಕಾಲದಲ್ಲಿ, 1942ರಲ್ಲಿ, ಜರ್ಮನ್ ಜಲಾಂತರ್ಗಾಮಿಗಳ ಭಯದಿಂದ ನ್ಯೂಯಾರ್ಕ್ ದೀಪಗಳನ್ನು ತಗ್ಗಿಸಬೇಕಾಯಿತು. ಆ ಕಿಟಕಿಗಳಿಗೆ ಅದು ಗ್ರಹಣದ ಕಾಲ.

ಗೊಂಬೆಗಳು ಯಾವುದರಿಂದ ಮಾಡಿದ್ದವು?

ಮೊದಲು ಮೇಣ. ಗಾಜಿನ ಕಣ್ಣು, ನಿಜವಾದ ಕೂದಲು, ಭಾರವಾದ ಮೈ. ನೋಡಲು ಜೀವಂತ, ಆದರೆ ದೀಪದ ಕಾವಿಗೂ ಬೇಸಿಗೆಯ ಬಿಸಿಲಿಗೂ ಮುಖ ಕರಗುತ್ತಿತ್ತು. ಆಮೇಲೆ ಅರೆದ ಕಾಗದದ ಮುದ್ದೆ, ಪ್ಲಾಸ್ಟರ್, ಯುದ್ಧದ ನಂತರ ಫೈಬರ್‌ಗ್ಲಾಸ್. 1930ರ ದಶಕದಲ್ಲಿ ಲೆಸ್ಟರ್ ಗಾಬಾ ಎಂಬ ಶಿಲ್ಪಿ ಸಿಂತಿಯಾ ಎಂಬ ಗೊಂಬೆ ಮಾಡಿ, ಅದನ್ನು ಗೆಳತಿಯಂತೆ ಜೊತೆಯಲ್ಲಿಟ್ಟುಕೊಂಡು ಹೋಟೆಲು, ನಾಟಕಗಳಿಗೆ ಕರೆದೊಯ್ದು ಪತ್ರಿಕೆಗಳಲ್ಲಿ ಸುದ್ದಿಯಾದರು. ನನಗೆ ಆ ಪ್ರಚಾರಕ್ಕಿಂತ ಗಾಬಾ ಮಾಡಿದ ಇನ್ನೊಂದು ಕೆಲಸ ದೊಡ್ಡದಾಗಿ ಕಾಣುತ್ತದೆ: ಗೊಂಬೆಯ ಮುಖಕ್ಕೆ ಒಬ್ಬ ವ್ಯಕ್ತಿಯ ಚಹರೆ ತಂದದ್ದು. ಅದಕ್ಕೆ ಮುಂಚಿನ ಗೊಂಬೆಗಳು ಎಲ್ಲಿಯೋ ನೋಡುತ್ತ ಸುಮ್ಮನೆ ನಗುತ್ತಿದ್ದವು.

ದೊಡ್ಡ ಕಲಾವಿದರು ಕಿಟಕಿಗಳಲ್ಲಿ ಕೆಲಸ ಮಾಡಿದ್ದು ನಿಜವೇ?

ನಿಜ. ಹೆಚ್ಚಿನ ಕತೆಗಳು ನ್ಯೂಯಾರ್ಕಿನ ಬಾನ್ವಿಟ್ ಟೆಲ್ಲರ್ ಅಂಗಡಿಗೆ ಸೇರಿದವು.

1939ರ ಮಾರ್ಚಿನಲ್ಲಿ ಆ ಅಂಗಡಿ ಸಾಲ್ವಡೋರ್ ಡಾಲಿಗೆ ಎರಡು ಕಿಟಕಿ ಒಪ್ಪಿಸಿತು. ಹಗಲು ಒಂದರಲ್ಲಿ, ಇರುಳು ಇನ್ನೊಂದರಲ್ಲಿ. ಹಗಲಿನ ಕಿಟಕಿಯಲ್ಲಿ ಕುರಿಮರಿಯ ಗುಂಗುರು ತುಪ್ಪಳ ಹೊದಿಸಿದ ಸ್ನಾನದ ತೊಟ್ಟಿ, ಧೂಳು ಹಿಡಿದ ಹಳೆಯ ಮೇಣದ ಗೊಂಬೆ. ಜನ ದೂರಿದ್ದರಿಂದ ಅಂಗಡಿಯವರು ಕಲಾವಿದನನ್ನು ಕೇಳದೆ ಗೊಂಬೆಗಳನ್ನು ಬದಲಿಸಿದರು. ಸಂಜೆ ಬಂದು ನೋಡಿದ ಡಾಲಿ ಕೆರಳಿ ಕಿಟಕಿಯೊಳಗೆ ನುಗ್ಗಿ ತೊಟ್ಟಿಯನ್ನು ಎಳೆದಾಡಿದಾಗ ಅದು ಗಾಜನ್ನು ಒಡೆದುಕೊಂಡು ಬೀದಿಗೆ ಬಿತ್ತು, ಹಿಂದೆಯೇ ಡಾಲಿ. ಪೊಲೀಸರು ಹಿಡಿದೊಯ್ದರು, ನ್ಯಾಯಾಧೀಶರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಿಟ್ಟುಕಳಿಸಿದರು.

ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳಬಯಸುವುದು ಜೀನ್ ಮೂರ್ ಬಗ್ಗೆ. 1910ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅವರಿಗೆ ಚಿತ್ರಕಾರನಾಗುವ ಆಸೆಯಿತ್ತು. ಬಾನ್ವಿಟ್ ಟೆಲ್ಲರ್ ಕಿಟಕಿಗಳನ್ನು ನೋಡಿಕೊಳ್ಳುತ್ತಿದ್ದಾಗ ಹಣಕ್ಕೆ ಪರದಾಡುತ್ತಿದ್ದ ಯುವ ಕಲಾವಿದರಿಗೆ ಕೆಲಸ ಕೊಟ್ಟರು. ಜಾಸ್ಪರ್ ಜಾನ್ಸ್ ಮತ್ತು ರಾಬರ್ಟ್ ರೌಶನ್‌ಬರ್ಗ್ ಕಿಟಕಿಗಳಿಗೆ ದುಡಿದದ್ದು ‘ಮ್ಯಾಟ್ಸನ್ ಜೋನ್ಸ್’ ಎಂಬ ಸುಳ್ಳು ಹೆಸರಿನಲ್ಲಿ. ಗ್ಯಾಲರಿಗಳವರು ತಮ್ಮನ್ನು ಅಂಗಡಿ ಕೆಲಸದವರೆಂದು ತಳ್ಳಿಹಾಕಿಯಾರು ಎಂಬ ಅಂಜಿಕೆ ಅವರಿಗೆ. 1961ರ ಏಪ್ರಿಲಿನಲ್ಲಿ ಅದೇ ಅಂಗಡಿಯ ಕಿಟಕಿಯಲ್ಲಿ ಬೇಸಿಗೆಯ ಉಡುಪು ತೊಟ್ಟ ಗೊಂಬೆಗಳ ಹಿಂದೆ ಆ್ಯಂಡಿ ವಾರ್ಹೋಲ್ ಬಿಡಿಸಿದ ಸೂಪರ್‌ಮ್ಯಾನ್, ಪಾಪಾಯ್ ಚಿತ್ರಗಳು ನಿಂತಿದ್ದವು. ಆಮೇಲೆ ಜಗತ್ತಿನ ಸಂಗ್ರಹಾಲಯಗಳು ಮುಗಿಬಿದ್ದ ಕಲೆಯನ್ನು ಫುಟ್‌ಪಾತಿನಲ್ಲಿ ಹೋಗುತ್ತಿದ್ದವರು ಮೊದಲು ನೋಡಿದರು.

1955ರಿಂದ 1994ರವರೆಗೆ ಮೂರ್ ಟಿಫನಿ ಒಡವೆ ಅಂಗಡಿಯ ಕಿಟಕಿಗಳನ್ನು ಮಾಡಿದರು. ಅವು ತೀರಾ ಚಿಕ್ಕವು, ಗೋಡೆಯ ಗೂಡಿನಂತೆ. ಅಲ್ಲಿ ವಜ್ರದ ಜೊತೆಗೆ ಮೊಟ್ಟೆ, ದಾರ, ಮಣ್ಣು, ಐಸ್‌ಕ್ರೀಮ್ ಕೋನು ಬಂದು ಕೂತವು. ದುಬಾರಿ ವಸ್ತುವಿನ ಪಕ್ಕ ಮಖಮಲ್ಲು ಇಟ್ಟರೆ ಕಣ್ಣು ಜಾರಿ ಮುಂದೆ ಹೋಗುತ್ತದೆ. ಮಣ್ಣಿನ ಮೇಲೆ ಇಟ್ಟರೆ ನಿಲ್ಲುತ್ತದೆ. 1965ರಲ್ಲಿ ನ್ಯೂಯಾರ್ಕಿಗೆ ನೀರಿನ ಬರ ಬಂದಾಗ ಕಿಟಕಿಯ ಕಾರಂಜಿಗೆ ಅವರು ನೀರಿನ ಬದಲು ಜಿನ್ ತುಂಬಿಸಿದರು. ಊರಿನ ಸುದ್ದಿ ಕಿಟಕಿಗೂ ತಿಳಿದಿದೆ ಎಂದು ದಾರಿಹೋಕನಿಗೆ ಅನ್ನಿಸಿದರೆ ಅವನು ನಾಳೆಯೂ ನಿಂತು ನೋಡುತ್ತಾನೆ. ಎರಡು ವಾರಕ್ಕೊಮ್ಮೆ ಬದಲಾಗುತ್ತಿದ್ದ ಅವರ ಕಿಟಕಿಗಳ ಲೆಕ್ಕ ಸುಮಾರು 5000. ಒಂದೂ ಉಳಿದಿಲ್ಲ, ಉಳಿದದ್ದು ಛಾಯಾಚಿತ್ರ ಮಾತ್ರ.

ಕ್ರಿಸ್‌ಮಸ್ ಕಿಟಕಿಗಳಿಗೆ ಅಷ್ಟು ಹೆಸರೇಕೆ?

ವರ್ಷದ ವ್ಯಾಪಾರದ ದೊಡ್ಡ ಪಾಲು ಆ ವಾರಗಳಲ್ಲೇ ಆಗುತ್ತಿತ್ತು. ಮೇಸಿಸ್ ಅಂಗಡಿ 1874ರಲ್ಲೇ ಗೊಂಬೆಗಳ ಕ್ರಿಸ್‌ಮಸ್ ಕಿಟಕಿ ಮಾಡಿತ್ತು. ಆದರೆ ಸರಕೇ ಇಲ್ಲದ ಕಿಟಕಿ ಎಂಬ ಧೈರ್ಯ ತೋರಿಸಿದ್ದು ಲಾರ್ಡ್ ಆ್ಯಂಡ್ ಟೇಲರ್, 1938ರಲ್ಲಿ. ಆ ಕಿಟಕಿಗಳಲ್ಲಿ ಮಾರುವ ಒಂದು ವಸ್ತುವೂ ಇರಲಿಲ್ಲ. ದೊಡ್ಡ ಚಿನ್ನದ ಬಣ್ಣದ ಗಂಟೆಗಳು ತೂಗಾಡುತ್ತಿದ್ದವು, ಗಂಟಾನಾದ ಬೀದಿಗೆ ಕೇಳುತ್ತಿತ್ತು. ಕಿಟಕಿಯ ಒಂದೊಂದು ಅಡಿಗೂ ಬೆಲೆ ಕಟ್ಟುವ ವ್ಯಾಪಾರಿಗಳು ಅದಕ್ಕೆ ಒಪ್ಪಿದ್ದೇ ಹೆಚ್ಚು.

ಶಿಕಾಗೊದಲ್ಲಿ ಫ್ರೇಸರ್ ನಂತರ ಬಂದ ಜಾನ್ ಮಾಸ್ 1944ರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಪ್ರಸಿದ್ಧ ಪದ್ಯವನ್ನು ಕಿಟಕಿಯಿಂದ ಕಿಟಕಿಗೆ ಸಾಗುವ ಕತೆಯಾಗಿಸಿದರು. 1946ರಲ್ಲಿ ಅದೇ ಅಂಗಡಿ ‘ಅಂಕಲ್ ಮಿಸಲ್‌ಟೋ’ ಎಂಬ, ಎತ್ತರದ ಟೋಪಿ, ಕೆಂಪು ಕೋಟು ತೊಟ್ಟ ತನ್ನದೇ ಪಾತ್ರವನ್ನು ಹುಟ್ಟಿಸಿತು. ನವರಾತ್ರಿಯಲ್ಲಿ ಮನೆಯಿಂದ ಮನೆಗೆ ಬೊಂಬೆ ನೋಡಲು ಹೋಗುತ್ತಿದ್ದವರಿಗೆ ಆ ಸಂಭ್ರಮವನ್ನು ವಿವರಿಸಿ ಹೇಳಬೇಕಿಲ್ಲ. ಹೊದ್ದು ಮುದುಡಿದ ಮಕ್ಕಳು ಹಿಮದಲ್ಲಿ ಸಾಲು ನಿಂತು, ಮೂಗನ್ನು ಗಾಜಿಗೆ ಒತ್ತಿ, ಮಂಜುಗಟ್ಟಿದ ಉಸಿರನ್ನು ಕೈಗವಸಿನಿಂದ ಒರೆಸಿ ಮತ್ತೆ ನೋಡುತ್ತಿದ್ದರು.

ಅಂಗಡಿಯ ಒಳಗಿನ ಜೋಡಣೆಗೂ ಲೆಕ್ಕಾಚಾರ ಇತ್ತೇ?

ಇತ್ತು, ಬಹಳ ಕಟ್ಟುನಿಟ್ಟಾಗಿ. ಕಂಡಕೂಡಲೇ ಕೈ ಹಾಕುವ ಸುಗಂಧ, ಕೈಗವಸು, ಕರವಸ್ತ್ರಗಳು ಕೆಳ ಅಂತಸ್ತಿನಲ್ಲಿ ಬಾಗಿಲ ಬಳಿ. ನಿರ್ಧರಿಸಿಯೇ ಬರುವ ಪೀಠೋಪಕರಣದ ಗಿರಾಕಿ ಮೇಲಿನ ಅಂತಸ್ತಿಗೆ ಹತ್ತಲಿ. ಆಟಿಕೆ ಮತ್ತು ಸಾಂಟಾ ಕ್ಲಾಸ್ ಕೂಡ ಮೇಲೆಯೇ. ಮಗುವಿನ ಹಿಂದೆ ಹೋಗುವ ತಾಯಿ ಎಲ್ಲ ಅಂತಸ್ತುಗಳನ್ನೂ ದಾಟಬೇಕು.

ನೆಲಮಾಳಿಗೆಯ ಕತೆ ಇನ್ನೂ ರುಚಿ. ಬಾಸ್ಟನ್ನಿನ ಫೈಲೀನ್ಸ್ ಅಂಗಡಿ 1909ರಲ್ಲಿ ಅಗ್ಗದ ಸರಕಿನ ನೆಲಮಾಳಿಗೆ ತೆರೆಯಿತು. ಅಲ್ಲಿ ಚೌಕಾಸಿ ಇಲ್ಲ, ಬೆಲೆ ತಾನಾಗಿ ಇಳಿಯುತ್ತಿತ್ತು. 12 ದಿನ ಮಾರಾಟವಾಗದಿದ್ದರೆ ಶೇ 25 ಕಡಿತ, 18 ದಿನಕ್ಕೆ ಶೇ 50, 24 ದಿನಕ್ಕೆ ಶೇ 75. 30 ದಿನವಾದರೂ ಉಳಿದರೆ ದಾನಕ್ಕೆ. ಕಣ್ಣಿಗೆ ಬಿದ್ದ ಕೋಟನ್ನು ಇಂದೇ ಕೊಳ್ಳುವುದೇ, ಆರು ದಿನ ಕಾಯುವುದೇ, ಅಷ್ಟರಲ್ಲಿ ಬೇರೆಯವರು ಒಯ್ದರೆ? ಮಾರಾಟದ ಯಾವ ಉಪಾಯವೂ ಇಷ್ಟು ಸರಳವಾಗಿ ಇಷ್ಟು ಎದೆ ಬಡಿತ ಹುಟ್ಟಿಸಿದ್ದನ್ನು ನಾನು ಕಂಡಿಲ್ಲ.

ಆ ಅಂಗಡಿಗಳಿಗೆ ಎಲ್ಲರೂ ಹೋಗಬಹುದಿತ್ತೇ?

ಇಲ್ಲ. ಹಳೆಯ ಚಿತ್ರಗಳ ಸೊಬಗಿಗೆ ಮರುಳಾಗಿ ಈ ಮಾತನ್ನು ನುಂಗಿಕೊಳ್ಳುವುದು ತಪ್ಪು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ದುಡ್ಡು ಅಂಗಡಿಗೆ ಬೇಕಿತ್ತು, ಆದರೆ ಅನೇಕ ಕಡೆ ಅವರು ಟೋಪಿಯನ್ನು ತಲೆಗಿಟ್ಟು ನೋಡುವಂತಿರಲಿಲ್ಲ, ಉಪಾಹಾರದ ಕಟ್ಟೆಯಲ್ಲಿ ಕೂರುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಗೆ ಹೋದರು. ಮೊದಲು ಟೂತ್‌ಪೇಸ್ಟಿನಂಥ ಸಣ್ಣ ಸಾಮಾನು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಉಪಾಹಾರದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಅಲ್ಲಿ ನಮ್ಮ ದುಡ್ಡು ಆಗುತ್ತದೆ, ಇಲ್ಲಿ ಏಕಾಗದು ಎಂಬ ಪ್ರಶ್ನೆಗೆ ಆ ರಸೀದಿಯೇ ಸಾಕ್ಷಿ. ಜುಲೈ ಹೊತ್ತಿಗೆ ಅಂಗಡಿ ಮಣಿಯಿತು. ಅದೇ ಅಕ್ಟೋಬರಿನಲ್ಲಿ ಅಟ್ಲಾಂಟಾದ ರಿಚಸ್ ಅಂಗಡಿಯಲ್ಲಿ ಇಂಥದೇ ಧರಣಿಗೆ ಕೂತ ಮಾರ್ಟಿನ್ ಲೂಥರ್ ಕಿಂಗ್ ಬಂಧನಕ್ಕೊಳಗಾದರು.

ಈ ಕಸುಬಿನಲ್ಲಿ ಹೆಂಗಸರು ಇದ್ದರೇ?

ಇದ್ದರು, ಹೆಸರು ಮಾತ್ರ ಕಡಿಮೆ ಸಿಗುತ್ತದೆ. ಮೇಲ್ಮಟ್ಟದಲ್ಲಿ ಡಾರತಿ ಶೇವರ್ 1945ರಲ್ಲಿ ಲಾರ್ಡ್ ಆ್ಯಂಡ್ ಟೇಲರ್ ಅಧ್ಯಕ್ಷೆಯಾದರು. ಪ್ಯಾರಿಸ್ಸಿನ ನಕಲು ಬಿಟ್ಟು ಅಮೆರಿಕದ ವಿನ್ಯಾಸಕಿಯರ ಹೆಸರನ್ನೇ ಕಿಟಕಿಯಲ್ಲಿ ಹಾಕಬೇಕೆಂದು ಪಟ್ಟು ಹಿಡಿದವರು ಅವರು.

ಭಾರತದ ಬಟ್ಟೆಗಳು ಆ ಲೋಕದಲ್ಲಿ ಕಾಣಿಸಿಕೊಂಡವೇ?

ಒಂದು ಪ್ರಸಂಗವನ್ನು ಹೇಳಲೇಬೇಕು. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ಪ್ರದರ್ಶನ ನಡೆಸಿತು. ವಿನ್ಯಾಸಕಾರ ಅಲೆಕ್ಸಾಂಡರ್ ಜಿರಾರ್ಡ್ ಅದನ್ನು ಒಂದು ಕಲ್ಪನೆಯ ಪೇಟೆಯಂತೆ ಕಟ್ಟಿದರು. ನೀರಿನ ಕೊಳದ ಮೇಲೆ ಸೀರೆಗಳು ತೂಗಿದವು. ಸಂಗ್ರಹಾಲಯವೇ ಅಂಗಡಿ ಕಿಟಕಿಯ ಭಾಷೆ ಕಲಿತ ಗಳಿಗೆ ಅದು. ಅದರ ಜೊತೆಗೆ ನಡೆದ ಕಾರ್ಯಕ್ರಮದಲ್ಲಿ ಅಲಿ ಅಕ್ಬರ್ ಖಾನ್ ಸರೋದ್ ನುಡಿಸಿದರು, ಮಂಗಳೂರು ಮೂಲದ ಶಾಂತಾ ರಾವ್ ನರ್ತಿಸಿದರು.

ಇಷ್ಟೆಲ್ಲ ಇದ್ದದ್ದು ಮರೆಯಾದದ್ದೇಕೆ?

ನಡೆದು ಹೋಗುವವರು ಮರೆಯಾದರು. ಯುದ್ಧದ ನಂತರ ಜನ ಹೊರವಲಯಕ್ಕೆ ಮನೆ ಬದಲಿಸಿದರು, ಕಾರು ಕೊಂಡರು. 1956ರ ಕಾನೂನಿನಿಂದ ಹೆದ್ದಾರಿಗಳು ಬಂದವು. ಅದೇ ವರ್ಷ ಅಕ್ಟೋಬರಿನಲ್ಲಿ ಮಿನ್ನೆಸೋಟದ ಈಡೈನಾದಲ್ಲಿ ಸೌತ್‌ಡೇಲ್ ಎಂಬ, ಪೂರ್ತಿ ಮುಚ್ಚಿದ, ಹವೆ ನಿಯಂತ್ರಿಸಿದ ಮಾಲ್ ತೆರೆಯಿತು. ಅದರ ಮುಖ ಒಳಗೆ, ಬೀದಿಗೆ ಬೆನ್ನು. ಗಂಟೆಗೆ 40 ಮೈಲಿ ವೇಗದಲ್ಲಿ ಹೋಗುವವನಿಗೆ ಕಾಲುಚೀಲದ ಗೆರೆ ನೇರವಿದ್ದರೇನು, ವಕ್ರವಾದರೇನು?

ನನ್ನನ್ನು ನೋಯಿಸುವ ಸಂಗತಿಯೆಂದರೆ ಆ ಮಾಲನ್ನು ರೂಪಿಸಿದ ವಿಕ್ಟರ್ ಗ್ರೂಯೆನ್ ತಾವೇ ಕಿಟಕಿಗಳ ಮನುಷ್ಯ. ವಿಯೆನ್ನಾದಿಂದ ಓಡಿಬಂದು 1939ರಲ್ಲಿ ಫಿಫ್ತ್ ಅವೆನ್ಯೂದ ಲೆಡರರ್ ಚರ್ಮದ ಚೀಲಗಳ ಅಂಗಡಿಗೆ ಅವರು ಮಾಡಿಕೊಟ್ಟ ಮುಂಗಟ್ಟು ಬೀದಿಯಿಂದ ಒಳಸರಿದು, ದಾರಿಹೋಕನನ್ನು ಗಾಜಿನ ಗೂಡುಗಳ ನಡುವೆ ಮೆಲ್ಲಗೆ ಬರಮಾಡಿಕೊಳ್ಳುತ್ತಿತ್ತು.

ನಮ್ಮ ಸಣ್ಣ ಅಂಗಡಿಗೆ ಇದರಿಂದ ಏನು ಕಲಿಯಬಹುದು?

ನೆಂಟರ ಅಂಗಡಿಯಲ್ಲಿ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ. ಹನ್ನೆರಡು ಸೀರೆ ತೂಗುಹಾಕಿದ ಕಡೆ ಒಂದೇ ಸೀರೆ ಉಡಿಸಿ. ದೀಪವನ್ನು ನೋಡುವವರ ಕಣ್ಣಿಗೆ ಹೊಡೆಯದಂತೆ ಬಟ್ಟೆಯ ಕಡೆಗೆ ತಿರುಗಿಸಿ. ವಾರಕ್ಕೊಮ್ಮೆ ಬದಲಿಸಿ, ಆಗದಿದ್ದರೆ ಕನಿಷ್ಠ ಗಾಜು ಒರೆಸಿ. ಪ್ರತಿ ಸಲವೂ ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿ. ಒಳಗೆ ನಿಂತವರಿಗೆ ತಮ್ಮ ಕಿಟಕಿ ಎಂದೂ ಕಾಣುವುದಿಲ್ಲ.

ಈಗ ಹೋದರೆ ನೋಡಲು ಏನು ಉಳಿದಿದೆ?

ಬಾನ್ವಿಟ್ ಟೆಲ್ಲರ್ ಕಟ್ಟಡವನ್ನು 1980ರಲ್ಲಿ ಟ್ರಂಪ್ ಟವರ್‌ಗಾಗಿ ಕೆಡವಿದರು. ಡೆಟ್ರಾಯಿಟ್‌ನ ಹಡ್ಸನ್ಸ್ 1983ರಲ್ಲಿ ಮುಚ್ಚಿತು, 1998ರಲ್ಲಿ ಸಿಡಿಮದ್ದಿಟ್ಟು ನೆಲಸಮ ಮಾಡಿದರು. ಫಿಫ್ತ್ ಅವೆನ್ಯೂದ ಲಾರ್ಡ್ ಆ್ಯಂಡ್ ಟೇಲರ್ 2019ರಲ್ಲಿ ಬಾಗಿಲು ಹಾಕಿತು. ಮಾರ್ಷಲ್ ಫೀಲ್ಡ್ಸ್ 2006ರಲ್ಲಿ ಮೇಸಿಸ್ ಎಂದು ಹೆಸರು ಬದಲಿಸಿಕೊಂಡಿತು, ಆದರೆ ಕಟ್ಟಡ ಗಟ್ಟಿಯಾಗಿ ನಿಂತಿದೆ. ಶಿಕಾಗೊಗೆ ಹೋಗುವವರು ಸ್ಟೇಟ್ ಮತ್ತು ವಾಷಿಂಗ್ಟನ್ ಬೀದಿ ಸೇರುವ ಮೂಲೆಗೆ ಹೋಗಿ. 1897ರಲ್ಲಿ ಅಲ್ಲಿ ತೂಗುಹಾಕಿದ ದೊಡ್ಡ ಗಡಿಯಾರ ಇನ್ನೂ ಅಲ್ಲಿದೆ. ಗಡಿಯಾರದ ಕೆಳಗೆ ಸಿಗೋಣ ಎಂದು ಹೇಳಿಕೊಂಡು ಎಷ್ಟೋ ತಲೆಮಾರು ಅಲ್ಲಿ ಒಬ್ಬರಿಗೊಬ್ಬರು ಕಾದಿದ್ದಾರೆ, ಕಾಯುವ ಹೊತ್ತಿನಲ್ಲಿ ಪಕ್ಕದ ಕಿಟಕಿ ನೋಡಿದ್ದಾರೆ.